ಹುಣಸೆಹಣ್ಣಿನಲ್ಲಿ ತೊಳೆದ ರೋಮನ್ ಕಾಸು

ನನ್ನ ಬಳಿ ಇರುವ ಒಂದೇ ಒಂದು ರೋಮನ್ ನಾಣ್ಯದ ಮೇಲೆ, ಚಕ್ರವರ್ತಿಯ ಕಿವಿಯ ಕೆಳಗೆ, ಕತ್ತು ಶುರುವಾಗುವ ಜಾಗದಲ್ಲಿ ಒಂದು ಗುಳಿ ಇದೆ. ಕಡಲೆಬೇಳೆಯಷ್ಟು ಅಗಲ. ಅದು ಗಾಯವೋ ಮುದ್ರೆಯೋ ಎಂಬ ವಿಷಯಕ್ಕೆ ನಿವೃತ್ತ ಕಣ್ಣಿನ ವೈದ್ಯರೊಬ್ಬರ ಜೊತೆ ವರ್ಷಗಟ್ಟಲೆ ವಾದ ಮಾಡಿದೆ ಎಂದು ಬರೆಯಲು ನನಗೆ ಆಸೆ. ನಿಜವೇನೆಂದರೆ, ಅವರು ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ, ಆಮೇಲೆ ಮನೆಗೆ ಬಂದು ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿ ಅವರಿಗೆ ತಕ್ಕ ಉತ್ತರ ಕೊಡುತ್ತಿದ್ದೆ. ನಲ್ಲಿ ಯಾಕೆಂದರೆ ಹೆಂಡತಿಗೆ ಕೇಳಿಸಬಾರದು. ಅವಳಿಗೆ ಎಲ್ಲ ಕೇಳಿಸುತ್ತಿತ್ತು ಎಂದು ಆಮೇಲೆ ಗೊತ್ತಾಯಿತು.

ನಾನು ಎದುರುತ್ತರದ ಮನುಷ್ಯನಲ್ಲ, ಚಿಂತೆಯ ಮನುಷ್ಯ. ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ, ಮಾನೋರೈಲು ಕಿಟಕಿಯ ಪಕ್ಕದಲ್ಲೇ ಹಾದುಹೋಗುವ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಸಂಸಾರ. ಒಂದು ಕಂಪನಿಯ ಸರ್ವರ್‌ಗಳು ಕೆಡದ ಹಾಗೆ ನೋಡಿಕೊಳ್ಳುವುದು ನನ್ನ ಉದ್ಯೋಗ; ಅಂದರೆ ನನ್ನ ಚಿಂತೆಗೆ ಸಂಬಳ ಬರುತ್ತದೆ. ಸಂಬಳ ಬಾರದ ಚಿಂತೆಗಳನ್ನು ಬಿಡುವಿನ ವೇಳೆಯಲ್ಲಿ ಮಾಡುತ್ತೇನೆ. ಗ್ಯಾಸ್ ಆರಿಸಿದೆನೇ, ವೀಸಾ ಈ ಸಲವೂ ಮುಂದುವರಿಯುತ್ತದೆಯೇ, ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದರೆ ಮುಂದೆ ಏನು ಗತಿ, ಹೀಗೆ. ಇಂಥವನಿಗೆ ಹವ್ಯಾಸವೊಂದು ಇದ್ದರೆ ಮನಸ್ಸು ಹಗುರಾಗುತ್ತದೆ ಎಂದು ಯಾರೋ ಹೇಳಿದರು. ನಾಣ್ಯ ಹಿಡಿದೆ. ಈಗ ನಾಣ್ಯದ ಬಗ್ಗೆಯೂ ಚಿಂತೆ.

ಆ ಗುಳಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೋಮನ್ನರ ಆಳ್ವಿಕೆಯಲ್ಲಿದ್ದ ಊರುಗಳಲ್ಲಿ ಹಳೆಯ ನಾಣ್ಯಗಳು ಕೈಯಿಂದ ಕೈಗೆ ಓಡಾಡುತ್ತಲೇ ಇರುತ್ತಿದ್ದವು. ನಡುವೆ ಸಾಮಾನಿನ ಬೆಲೆ ಏರಿ ಲೆಕ್ಕ ಬದಲಾದರೆ ಎಲ್ಲವನ್ನೂ ಕರಗಿಸಿ ಹೊಸದಾಗಿ ಅಚ್ಚು ಹಾಕಲು ಯಾರಿಗೂ ಪುರುಸೊತ್ತಿಲ್ಲ. ಆಗ ಊರಿನ ಅಧಿಕಾರಿ ಒಂದು ಸಣ್ಣ ಉಕ್ಕಿನ ಮೊಳೆ ತರಿಸುತ್ತಿದ್ದ. ಅದರ ತುದಿಯಲ್ಲಿ ಒಂದು ಅಕ್ಷರ, ಇಲ್ಲವೇ ಒಂದು ಪುಟ್ಟ ಚಿತ್ರ. ಅದನ್ನು ಹಳೆಯ ನಾಣ್ಯದ ಮೇಲಿಟ್ಟು ಸುತ್ತಿಗೆಯಿಂದ ಒಂದು ಏಟು. ಅಷ್ಟೇ. ಇನ್ನು ಮೇಲೆ ಈ ಕಾಸು ಇಷ್ಟು ಬಾಳುತ್ತದೆ, ಹೋಗಿ ವ್ಯಾಪಾರ ಮಾಡಿ. ನಾಣ್ಯದವರು ಇದನ್ನು ಕೌಂಟರ್‌ಮಾರ್ಕ್ ಎನ್ನುತ್ತಾರೆ. ನಾನು ನನ್ನ ಮಟ್ಟಿಗೆ ಮರುಮುದ್ರೆ ಎಂದು ಕರೆದುಕೊಂಡಿದ್ದೇನೆ. ಏಟು ಬಿದ್ದದ್ದು ಚಕ್ರವರ್ತಿಯ ಕೆನ್ನೆಗೋ ಕತ್ತಿಗೋ ಎಂದು ಆ ಅಧಿಕಾರಿ ನೋಡುತ್ತಿರಲಿಲ್ಲ. ನನಗೆ ಅವನ ಮೇಲೆ ವಿಪರೀತ ಅಭಿಮಾನ. ನಾನಾಗಿದ್ದರೆ ಎಲ್ಲಿ ಹೊಡೆಯಲಿ ಎಂದು ಚಿಂತಿಸುವುದರೊಳಗೆ ಸಾಮ್ರಾಜ್ಯವೇ ಮುಗಿದುಹೋಗುತ್ತಿತ್ತು.

ಆದರೆ ನನ್ನ ನಾಣ್ಯದ ಮೇಲೆ ಕಪ್ಪುಹಸಿರು ಪದರ ಎಷ್ಟು ದಪ್ಪವಾಗಿ ಕೂತಿತ್ತೆಂದರೆ ಗುಳಿಯೊಳಗೆ ಏನೂ ಕಾಣುತ್ತಿರಲಿಲ್ಲ. ದುಂಡಗೆ ಇದೆ, ಅದಕ್ಕೆ ಸರಿಯಾಗಿ ಹಿಂಭಾಗ ಚಪ್ಪಟೆಯಾಗಿದೆ, ಆದ್ದರಿಂದ ಇದು ಮರುಮುದ್ರೆಯೇ ಎಂದು ನನ್ನ ನಂಬಿಕೆ. ಅಲ್ಲ ಎಂದು ಡಾಕ್ಟರರ ತೀರ್ಪು.

ಡಾಕ್ಟರು ಮೂಲತಃ ಉಡುಪಿ ಕಡೆಯವರು. ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾಗಿ ಅಲ್ಲೇ ನೆಲೆಸಿದವರು. ನಮ್ಮ ನಾಣ್ಯದ ಗೆಳೆಯರ ಕೂಟಕ್ಕೆ ಅವರೇ ಹಿರಿಯರು, ಅವರ ಮಾತೇ ಕೊನೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅವರು ಕೌಲಾಲಂಪುರಕ್ಕೆ ಬಂದಾಗ ನಾವು ಮಾಮಕ್ ಅಂಗಡಿಯ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನ, ಮೂಲೆಯ ಮೇಜಿನಲ್ಲಿ ಸೇರುತ್ತಿದ್ದೆವು. ಪರೋಟದಂಥ ರೊಟಿ ಚನಾಯ್‌ನ ಎಣ್ಣೆಗೈಯನ್ನು ಒರೆಸಿಕೊಂಡು ಅವರು ಭೂತಗನ್ನಡಿ ತೆಗೆದರೆಂದರೆ ಮೇಜಿನ ಸುತ್ತ ಮಾತು ನಿಲ್ಲುತ್ತಿತ್ತು.

"ಎಂತ ಮುದ್ರೆ ಮಾರಾಯ್ರೆ," ಎಂದಿದ್ದರು ಮೊದಲ ಸಲ ನೋಡಿದಾಗ. "ಅಗೆಯುವವನ ಗುದ್ದಲಿ ತಾಗಿದ್ದು. ನೀವು ಒಳ್ಳೆಯ ಜನ, ಪೆಟ್ಟಿನಲ್ಲೂ ನಿಮಗೆ ಅಕ್ಷರ ಕಾಣ್ತದೆ."

"ಹಿಂದುಗಡೆ ಚಪ್ಪಟೆಯಾಗಿದೆಯಲ್ಲ ಡಾಕ್ಟ್ರೆ?"

"ಕೆಳಗೆ ಕಲ್ಲು ಇದ್ದಿರಬೇಕು. ಮೇಲಿಂದ ಗುದ್ದಲಿ, ಕೆಳಗಿಂದ ಕಲ್ಲು. ಚಪ್ಪಟೆ ಆಗದೆ ಮತ್ತೆಂತ ಆಗ್ತದೆ? ಇನ್ನೊಂದು ತೇ ತಾರಿಕ್ ಹೇಳಿ."

ಹೇಳಿದೆ. ಕೂಟದಲ್ಲಿ ನನ್ನ ಸ್ಥಾನ ಅದೇ ಆಗಿತ್ತು: ಚಹಾ ಹೇಳುವುದು, ಮೆಲಾಕಾದಲ್ಲಿ ನಡೆಯುವ ವಾರ್ಷಿಕ ಪ್ರದರ್ಶನ ಮತ್ತು ಸ್ಪರ್ಧೆಯಲ್ಲಿ ಕುರ್ಚಿ ಜೋಡಿಸುವುದು, ಬಂದವರಿಗೆ ಕಾರು ಎಲ್ಲಿ ನಿಲ್ಲಿಸಬೇಕೆಂದು ಕೈ ಬೀಸಿ ತೋರಿಸುವುದು. ಒಂದೇ ನಾಣ್ಯ ಇಟ್ಟುಕೊಂಡವನಿಗೆ ಪ್ರದರ್ಶನಕ್ಕಿಡುವ ಗಾಜಿನ ತಟ್ಟೆ ಯಾರು ಕೊಡುತ್ತಾರೆ?

ಈ ವರ್ಷ ಕೊಟ್ಟರು. ಯಾರೋ ಬರುವುದಿಲ್ಲವೆಂದು ಒಂದು ತಟ್ಟೆ ಖಾಲಿ ಉಳಿದಿತ್ತು. "ನಿಮ್ಮದು ತನ್ನಿ," ಎಂದರು ಡಾಕ್ಟರು. "'ಗುದ್ದಲಿ ಪೆಟ್ಟು ಬಿದ್ದ ನಾಣ್ಯ' ಅಂತ ಚೀಟಿ ನಾನೇ ಬರೆಸಿ ಇಡ್ತೇನೆ. ಶಾಲೆ ಮಕ್ಕಳು ಬರ್ತಾರಲ್ಲ, ಹೇಗೆ ಅಗೆಯಬಾರದು ಅಂತ ತೋರಿಸ್ಲಿಕ್ಕೆ ಒಳ್ಳೆದಾಗ್ತದೆ."

ತಲೆಯಾಡಿಸಿದೆ. ಮನೆಗೆ ಬಂದು ನಲ್ಲಿ ತಿರುಗಿಸಿದೆ. ಆ ದಿನ ಬಚ್ಚಲುಮನೆಯಲ್ಲಿ ನಾನು ಆಡಿದ ಮಾತಿಗೆ ರೋಮನ್ ಸೆನೆಟ್ಟೇ ಎದ್ದು ನಿಲ್ಲಬೇಕಿತ್ತು. ಹೊರಗೆ ಬಂದಾಗ ಹೆಂಡತಿ ಟವೆಲ್ ಹಿಡಿದು ನಿಂತಿದ್ದಳು.

"ಅವರಿಗೇ ಹೇಳ್ರಿ ಇದನ್ನ," ಎಂದಳು. "ನಲ್ಲಿಗ್ಯಾಕೆ ಹೇಳ್ತೀರಾ? ನೀರಿನ ಬಿಲ್ ಬರುತ್ತೆ."

ಅವತ್ತು ತೀರ್ಮಾನಿಸಿದೆ. ನಾಣ್ಯವನ್ನು ಒಯ್ಯುತ್ತೇನೆ, ಚೀಟಿಯನ್ನು ನಾನೇ ಬರೆಯುತ್ತೇನೆ. ಅದರ ಮೇಲೆ 'ಮರುಮುದ್ರೆ' ಎಂದೇ ಇರುತ್ತದೆ. ಐವತ್ತರ ಹತ್ತಿರ ಬಂದವನು ಜೀವನದಲ್ಲಿ ಒಂದು ಸಲವಾದರೂ ದೊಡ್ಡವರೆದುರು ತನ್ನ ಮಾತನ್ನು ತಾನೇ ಇಡಬೇಡವೇ? ಚೀಟಿ ಬರೆದೆ, ಹರಿದೆ, ಮತ್ತೆ ಬರೆದೆ. ಪ್ರದರ್ಶನ ಭಾನುವಾರ. ಅದರ ಹಿಂದಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ.

ಹಬ್ಬಕ್ಕೆಂದು ಮೈಸೂರಿನಿಂದ ಅತ್ತೆ ಬಂದಿದ್ದರು, ನನ್ನ ಹೆಂಡತಿಯ ತಾಯಿ. ಅವರು ಬಂದು ಇಳಿದ ದಿನದಿಂದ ನಮ್ಮ ಮನೆಯಲ್ಲಿ ಪಾತ್ರೆಗಳ ಬಣ್ಣವೇ ಬದಲಾಗಿತ್ತು. ಬ್ರಿಕ್‌ಫೀಲ್ಡ್ಸ್‌ನ ಹೂವಿನ ಅಂಗಡಿಯ ತಮಿಳು ಹೆಂಗಸಿನ ಜೊತೆ ಅವರು ಒಂದು ಮೊಳದ ಅಳತೆಯ ಬಗ್ಗೆ ಮಾಡಿದ ವಾಗ್ವಾದವನ್ನು ನಾನು ಎದುರು ಫುಟ್‌ಪಾತಿನಿಂದ, ಯಾರೋ ಪರಿಚಯವಿಲ್ಲದವನ ಹಾಗೆ, ನೋಡಿದ್ದೇನೆ. ಕೊನೆಗೆ ಆ ಹೆಂಗಸು ಮೊಳದ ಮೇಲೆ ಒಂದು ಗೇಣು ಹೆಚ್ಚಿಗೆ ಕೊಟ್ಟು, ಅತ್ತೆಯ ಮುಡಿಗೂ ಒಂದು ತುಂಡು ಮುಡಿಸಿ ಕಳಿಸಿದಳು.

ಶುಕ್ರವಾರ ಬೆಳಿಗ್ಗೆ ರಜೆ ಹಾಕಿ, ಸ್ನಾನ ಮಾಡಿ, ಪಂಚೆ ಉಟ್ಟು, ಪೂಜೆಗೆ ಮುಂಚೆ ನಾಣ್ಯವನ್ನು ಒಮ್ಮೆ ನೋಡೋಣವೆಂದು ಮೇಜಿನ ಹತ್ತಿರ ಹೋದೆ. ಡಬ್ಬಿ ಇತ್ತು. ಒಳಗೆ ಹತ್ತಿ ಇತ್ತು. ನಾಣ್ಯ ಇರಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ಒಬ್ಬಟ್ಟು ತಟ್ಟುತ್ತಿದ್ದರು.

"ಅತ್ತೆ, ನನ್ನ ಮೇಜಿನ ಮೇಲೆ ಒಂದು ಡಬ್ಬೀಲಿ..."

"ಕಿಲುಬು ಹಿಡಿದ ಕಾಸು ತಾನೆ? ಏನು ಕೊಳೆ ಅಳಿಯಂದ್ರೆ ಅದು. ತಾಮ್ರದ್ದಲ್ವಾ? ನಿಮ್ಮ ತಾತನ ಕಾಲದ್ದು ಅಂದ್ಕೊಂಡೆ."

"ತಾತನ ಕಾಲಕ್ಕಿಂತ ಸ್ವಲ್ಪ ಹಳೇದು ಅತ್ತೆ."

"ಅದಕ್ಕೇ ಅಷ್ಟು ಬೇಗ ಬಿಡ್ಲಿಲ್ಲ. ಹುಣಸೆಹಣ್ಣು, ಉಪ್ಪು ಹಾಕಿ ನೆನೆಸಿಟ್ಟೆ. ಆಮೇಲೆ ಹಳೆ ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜಿದೆ. ಈಗ ನೋಡ್ಬೇಕು ನೀವು."

"ಎಲ್ಲಿದೆ?"

"ಕಳಶದೊಳಗೆ," ಎಂದರು, ಒಬ್ಬಟ್ಟು ಮಗುಚಿಹಾಕುತ್ತಾ. "ಈ ದೇಶದ ಚಿಲ್ಲರೆ ಹಾಕೋಕೆ ಮನಸ್ಸಾಗ್ಲಿಲ್ಲ. ಹಳೇ ಕಾಸು ಇದ್ರೆ ಶ್ರೇಷ್ಠ."

ನಾಣ್ಯದ ಸಹವಾಸ ಇಲ್ಲದವರಿಗೆ ಇದರ ತೂಕ ಗೊತ್ತಾಗಲಿಕ್ಕಿಲ್ಲ. ಹಳೆಯ ಕಂಚಿನ ಮೇಲಿನ ಆ ಪದರವನ್ನು ಸಂಗ್ರಹಕಾರರು ನಾಣ್ಯದ ಚರ್ಮ ಎಂದೇ ಭಾವಿಸುತ್ತಾರೆ. ಶತಮಾನಗಳು ಮಣ್ಣಿನಲ್ಲಿ ಮಲಗಿ ಗಳಿಸಿದ್ದು ಅದು. ತೊಳೆದ ನಾಣ್ಯವನ್ನು ಅವರು ಕೈಯಲ್ಲೂ ಮುಟ್ಟುವುದಿಲ್ಲ. ಅತ್ತೆ ಕಿಲುಬು ಎಂದದ್ದು ಅದನ್ನೇ. ತಾಮ್ರದ ಚೊಂಬಿನ ಮೇಲಿದ್ದರೆ ನಾನೂ ಕಿಲುಬು ಎಂದೇ ಹೇಳುತ್ತಿದ್ದೆ; ಮೈಸೂರಿನ ಯಾವ ಮನೆಯಲ್ಲಿ ಹಬ್ಬದ ಹಿಂದಿನ ದಿನ ಹುಣಸೆಹಣ್ಣು ನೆನೆಸದೆ ಇರುತ್ತಾರೆ? ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯದೆ ಗೋಡೆಗೆ ಒರಗಿದೆ.

"ಅಪ್ಪಾ, ಆರ್ ಯು ಓಕೆ?" ಎಂದಳು ಮಗಳು. "ಯು ಲುಕ್ ವೆರಿ ಪೇಲ್, ಲಾ." ವಾಕ್ಯದ ಕೊನೆಗೊಂದು 'ಲಾ' ಅಂಟಿಸುವುದು ಈ ಊರಿನ ರೂಢಿ.

ಹೆಂಡತಿ ವಿಷಯ ಕೇಳಿ ಮೊದಲು ನಕ್ಕಳು. ನನ್ನ ಮುಖ ನೋಡಿ ನಗುವನ್ನು ಸೆರಗಿಗೆ ಒರೆಸಿಕೊಂಡಳು. "ನಾಳೆ ಬೆಳಿಗ್ಗೆ ಕಳಶ ಕದಲಿಸ್ತೀವಲ್ಲ, ಆಗ ತಗೊಳ್ಳಿ. ಈಗ ಒಳಗೆ ಕೈ ಹಾಕಿದ್ರೆ ನಮ್ಮಮ್ಮ ನಿಮ್ಮನ್ನೇ ವಿಮಾನ ಹತ್ತಿಸ್ತಾರೆ."

ಆ ದಿನವಿಡೀ ಕಳಶದ ಎದುರು ಕೂತಿದ್ದೆ. ಮೇಲೆ ತೆಂಗಿನಕಾಯಿಗೆ ಕಟ್ಟಿದ ಅಮ್ಮನವರ ಬೆಳ್ಳಿಯ ಮುಖ, ರೇಷ್ಮೆ ಸೀರೆ, ಮಲ್ಲಿಗೆ. ಒಳಗೆ ಅಕ್ಕಿ, ಅಡಿಕೆ, ಅರಿಶಿನದ ಕೊನೆ, ಮತ್ತು ಯಾರೋ ಚಕ್ರವರ್ತಿ. ಅರಿಶಿನ ಕುಂಕುಮಕ್ಕೆ ಬಂದ ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಅವನಿಗೂ ಸೇರಿಸಿ ಕೈಮುಗಿದು ಹೋದರು. ನನ್ನ ಭಕ್ತಿ ಕಂಡು ಅತ್ತೆ ತಮ್ಮ ಮಗಳಿಗೆ, "ಈ ಸಲ ಅಳಿಯಂದ್ರು ಬಹಳ ಮನಸ್ಸಿಟ್ಟು ಕೂತಿದಾರೆ," ಎಂದದ್ದು ನನಗೆ ಕೇಳಿಸಿತು.

ಶನಿವಾರ ಬೆಳಿಗ್ಗೆ ಕಳಶ ಕದಲಿಸಿ, ಅಕ್ಕಿಯನ್ನು ಪಾಯಸಕ್ಕೆಂದು ತಟ್ಟೆಗೆ ಸುರಿದರು. ಅಕ್ಕಿಯ ಮಧ್ಯದಿಂದ ಅದು ಹೊರಗೆ ಬಂತು. ಹಲ್ಲಿನ ಡಾಕ್ಟರು ಕ್ಲೀನ್ ಮಾಡಿ ಕಳಿಸಿದ ವಸಡಿನ ಬಣ್ಣ. ಅಲ್ಲಲ್ಲಿ ಸಣ್ಣ ಸಣ್ಣ ತೂತು, ಸಿಡುಬು ಬಂದು ಹೋದ ಹಾಗೆ. ಚಕ್ರವರ್ತಿಗೆ ಇದ್ದಕ್ಕಿದ್ದಂತೆ ನಾಚಿಕೆಯಾದಂತಿತ್ತು.

ಭೂತಗನ್ನಡಿ ಹಿಡಿದೆ. ಗುಳಿಯ ಅಂಚಿಗೆ ಕುಂಕುಮ ಮೆತ್ತಿತ್ತು. ಗುಳಿಯ ತಳದಲ್ಲಿ, ದುಂಡನೆಯ ಚೌಕಟ್ಟಿನ ನಡುವೆ, ಸ್ಪಷ್ಟವಾಗಿ ಉಬ್ಬಿ ನಿಂತ ಒಂದು ಅಕ್ಷರ: ಬೆನ್ನೊಂದು, ಅದರಿಂದ ಬಲಕ್ಕೆ ಚಾಚಿದ ಮೂರು ಕೈ. ಗ್ರೀಕರ ಐದನೆಯ ಅಕ್ಷರ. ಅವರು ಅಕ್ಷರಗಳನ್ನೇ ಅಂಕಿಯಾಗಿ ಬಳಸುತ್ತಿದ್ದರು, ಅದು ಐದು. ಈಗಿನ ತುರ್ಕಿಯ ದಕ್ಷಿಣ ಕರಾವಳಿಯಲ್ಲಿ, ರೋಮನ್ನರ ಕೈಕೆಳಗಿದ್ದರೂ ಗ್ರೀಕ್ ಆಡುತ್ತಿದ್ದ ಊರುಗಳಲ್ಲಿ, ಸಾಮಾನಿನ ಬೆಲೆ ಏರಿದ ಕಾಲದಲ್ಲಿ, ಹಳೆಯ ಕಾಸುಗಳಿಗೆ ಹೀಗೆ ಐದು ಹೊಡೆಯುತ್ತಿದ್ದರೆಂದು ನಾನು ಓದಿದ್ದೆ. ಯಾವ ಗುದ್ದಲಿಯೂ ಗುಳಿಯೊಳಗೆ ಅಕ್ಷರವನ್ನು ಉಬ್ಬಿಸುವುದಿಲ್ಲ.

ನಾನು ಹೇಳಿದ್ದೇ ಸರಿ. ನನ್ನ ಮಾತು ಸರಿಯಾಗಿರುವುದು ನನಗೆ ಅಭ್ಯಾಸವಿಲ್ಲದ್ದರಿಂದ, ತಕ್ಷಣ ಏನು ಮಾಡಬೇಕೆಂದು ತೋಚದೆ ಡಾಕ್ಟರಿಗೆ ಫೋನ್ ಮಾಡಿ, ನಾಣ್ಯ ತೊಳೆದ ವಿಷಯದಿಂದಲೇ ಶುರುಮಾಡಿದೆ.

"ತೊಳೆದ್ರಾ?" ಎಂದರು. "ಎಂತದ್ರಲ್ಲಿ?"

"ಹುಣಸೆಹಣ್ಣು. ಮನೇಲಿ ಹಬ್ಬ ಇತ್ತು, ಅತ್ತೆಗೆ ಗೊತ್ತಿಲ್ಲದೆ..."

"ಅಯ್ಯೋ ಮಾರಾಯ್ರೆ. ಅದು ಸತ್ತ ಹಾಗೆಯೇ. ತರ್ಬೇಡಿ. ತೊಳೆದ ನಾಣ್ಯ ಇಡುವ ಕ್ರಮ ಇಲ್ಲ ನಮ್ಮಲ್ಲಿ."

"ಅಕ್ಷರ ಕಾಣ್ತಿದೆ ಡಾಕ್ಟ್ರೆ. ಗ್ರೀಕ್ ಐದು."

"ಸೂಜಿ ಹಿಡಿದು ಕೆತ್ತಿದ್ರೂ ಕಾಣ್ತದೆ," ಎಂದರು. "ನೀವು ಕೆತ್ತಿದ್ದು ಅಂತ ನಾನು ಹೇಳುವುದಿಲ್ಲ. ನೋಡಿದವರು ಹೇಳ್ತಾರೆ. ನೀವು ನಾಳೆ ಬೇಗ ಬಂದ್ರೆ ಸಾಕು, ಕುರ್ಚಿ ಜೋಡಿಸ್ಲಿಕ್ಕೆ ಜನ ಕಮ್ಮಿ ಉಂಟು."

ಫೋನ್ ಇಟ್ಟೆ. ನಲ್ಲಿಯ ಕಡೆ ಹೋಗಲಿಲ್ಲ. ಇದನ್ನು ದಾಖಲಿಸಬೇಕೆನ್ನಿಸುತ್ತದೆ.

ಹೋದದ್ದು ನಮ್ಮ ಬೀದಿಯಲ್ಲೇ ಇರುವ ಹಳೆ ಸಾಮಾನಿನ ಅಂಗಡಿಗೆ. ಅಂಗಡಿಯವನು ತಮಿಳಿನವನು, ದೀಪ, ಗಂಟೆ, ಹಳೆಯ ನಾಣ್ಯ, ಕೆಟ್ಟ ಗಡಿಯಾರ ಎಲ್ಲ ಇಟ್ಟವನು. ಏನಾದರೂ ಉಪಾಯ ಹೇಳಿಯಾನು ಎಂಬ ಆಸೆ. ಹೊರಡುವಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಕಳಶಕ್ಕೆ ಹಾಕಿದ್ದು ಮನೆ ಬಿಟ್ಟು ಹೋಗಬಾರ್ದು."

"ತೋರಿಸಿಕೊಂಡು ವಾಪಸ್ ತರ್ತೀನಿ ಅತ್ತೆ. ನಾಳೆ ಮೆಲಾಕಾಕ್ಕೂ ಒಯ್ಯಬೇಕು."

ಯೋಚಿಸಿದರು. "ಹಾಗಾದ್ರೆ ನಾನೂ ಬರ್ತೀನಿ. ಮನೆಯವರು ಜೊತೇಲಿದ್ರೆ ಬಿಟ್ಟು ಹೋದ ಹಾಗಲ್ಲ." ಬೆಳ್ಳಿಯ ಕುಂಕುಮದ ಭರಣಿಯೊಳಗೆ ನಾಣ್ಯವನ್ನು ಹಾಕಿ, ಮುಚ್ಚಳ ತಿರುಗಿಸಿ, ಕೈಚೀಲದಲ್ಲಿಟ್ಟುಕೊಂಡರು. ನಿಯಮಕ್ಕೆ ಅವರು ಅಲ್ಲೇ ನಿಂತು ತಿದ್ದುಪಡಿ ತಂದದ್ದನ್ನು ನೋಡಿ ನನಗೆ ಆ ರೋಮನ್ ಅಧಿಕಾರಿಯ ನೆನಪಾಯಿತು.

ಅಂಗಡಿಯವನು ನಾಣ್ಯವನ್ನು ಕುಂಕುಮದಿಂದ ಎತ್ತಿ, ಊದಿ, ನಾಲಿಗೆ ಲೊಚಗುಟ್ಟಿದ. ಆಮೇಲೆ ನಕ್ಕ. "ನೋ ಪ್ರಾಬ್ಲಮ್, ಸಾರ್. ಸಾಯಂಕಾಲ ವಾಂಗೊ. ಮತ್ತೆ ಹಳೇದು ಮಾಡಿ ಕೊಡ್ತೀನಿ." ಅವನದು ತಮಿಳು, ಇಂಗ್ಲಿಷು ಮತ್ತು ನಮ್ಮಂಥ ಗಿರಾಕಿಗಳಿಂದ ಕಲಿತ ಕನ್ನಡ ಸೇರಿದ ಭಾಷೆ. "ಮೆಡಿಸಿನ್ ಇರುಕ್ಕು. ಬ್ಲ್ಯಾಕ್ ವೇಣುಮಾ, ಗ್ರೀನ್ ವೇಣುಮಾ?"

"ಅಕ್ಷರ ಮುಚ್ಚಿಹೋಗುತ್ತಾ?"

"ಅಯ್ಯೋ ಇಲ್ಲ ಸಾರ್. ಲೆಟರ್ ಇನ್ನೂ ಚೆನ್ನಾಗಿ ಕಾಣುತ್ತೆ. ಯಾರಿಗೂ ತೆರಿಯಾದು, ಲಾ."

ನನ್ನ ಮನಸ್ಸು ಆಗ ಹೇಗೆ ಓಡಿತೆಂಬುದನ್ನು ಮುಚ್ಚಿಡುವುದಿಲ್ಲ. ಹಸಿರು ಬಣ್ಣ ಒಪ್ಪಬಹುದು ಎಂದುಕೊಂಡೆ. ಸಂಜೆ ಬಂದು ಒಯ್ಯುವುದು. ನಾಳೆ ಡಾಕ್ಟರಿಗೆ, ಇಲ್ಲ, ತೊಳೆದದ್ದು ಇದಲ್ಲ, ಬೇರೆ ಯಾವುದೋ ಎನ್ನುವುದು. ಅವರು ಭೂತಗನ್ನಡಿ ಹಿಡಿದು ಅಕ್ಷರ ಕಂಡು ಬೆರಗಾಗುವುದು. ನನ್ನ ತಟ್ಟೆ, ನನ್ನ ಚೀಟಿ, ಯಾರಿಗೂ ಮುಜುಗರವಿಲ್ಲ. ಬಾಯಿ ತೆರೆದೆ ಕೂಡ.

"ಏನಂತಾನೆ?" ಎಂದರು ಅತ್ತೆ.

"ಔಷಧ ಹಾಕಿ ಮತ್ತೆ ಕಪ್ಪು ಮಾಡಿಕೊಡ್ತಾನಂತೆ."

"ಮತ್ತೆ ಕಿಲುಬು ಹಿಡಿಸ್ತಾನಾ? ದುಡ್ಡು ತಗೊಂಡು?" ಅವರು ನನ್ನನ್ನೂ ಅವನನ್ನೂ ಸರದಿಯಂತೆ ನೋಡಿದರು. "ಉಜ್ಜಿದ್ದು ತಪ್ಪಾಗಿದ್ರೆ ತಪ್ಪು ಅಂತ ನನ್ನ ಮುಖಕ್ಕೇ ಹೇಳಿ ಅಳಿಯಂದ್ರೆ. ಉಜ್ಜೇ ಇಲ್ಲ ಅಂತ ಯಾಕೆ ಮಾಡಿಸ್ತೀರಾ?"

ಆ ಅಂಗಡಿಯ ಹಿತ್ತಾಳೆಯ ದೀಪಗಳ ನಡುವೆ ನಿಂತು ನನಗೆ ಮೊದಲ ಬಾರಿಗೆ ಅರ್ಥವಾದದ್ದು ಇಷ್ಟು. ಡಾಕ್ಟರು ನನ್ನ ನಾಣ್ಯದ ಮೇಲಿನ ಎರಡನೆಯ ಏಟನ್ನು, ಅಂದರೆ ಮರುಮುದ್ರೆಯನ್ನು, ಇಲ್ಲ ಎಂದರು. ನಾನೀಗ ಮೂರನೆಯದನ್ನು, ಅತ್ತೆಯ ಬ್ರಷ್ಷನ್ನು, ಇಲ್ಲ ಎನ್ನಲು ಹೊರಟಿದ್ದೆ. ಅವರಿಗಾದರೂ ಕಾಣದೆ ಹಾಗೆಂದರು. ನನಗೆ ಎಲ್ಲ ಕಾಣುತ್ತಿತ್ತು.

"ಬೇಡ," ಎಂದೆ ಅಂಗಡಿಯವನಿಗೆ. "ಹೀಗೇ ಇರಲಿ."

"ಹೀಗೆ ಇದ್ರೆ ಯಾರೂ ತೊಗೊಳಲ್ಲ, ಸಾರ್."

"ಮಾರೋಕಲ್ಲ."

ಹೊರಗೆ ಬಂದ ಮೇಲೆ ಅತ್ತೆ ಕೇಳಿದರು, "ನಿಜವಾಗ್ಲೂ ತಪ್ಪಾಯ್ತಾ?"

"ಆಯ್ತು ಅತ್ತೆ," ಎಂದೆ. ಅಷ್ಟು ನೇರವಾಗಿ ನಾನು ಅವರಿಗೆ ಅದುವರೆಗೆ ಏನನ್ನೂ ಹೇಳಿರಲಿಲ್ಲ. "ಹೊಳಪು ಮಾತ್ರ ಚೆನ್ನಾಗಿ ಬಂದಿದೆ," ಎಂದರು.

ಭಾನುವಾರ ಮೆಲಾಕಾದ ದಾರಿಯಲ್ಲಿ ನಾನು ಟಯರಿನ ಬಗ್ಗೆ, ಮಳೆಯ ಬಗ್ಗೆ, ನಿಲಾಯ್ ಹತ್ತಿರ ನಮ್ಮ ಪಕ್ಕಕ್ಕೇ ಬಂದ ಲಾರಿಯ ಬಗ್ಗೆ ಚಿಂತಿಸಿದೆ. ನಾಣ್ಯದ ಬಗ್ಗೆ ಚಿಂತಿಸಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದರು. ಜೇಬಿನಲ್ಲಿ ಹೊಸ ಚೀಟಿ ಇತ್ತು. ಇಂಗ್ಲಿಷಿನಲ್ಲಿ ಬರೆದು, ಮಗಳಿಂದ ಮಲಯ್ ಭಾಷೆಗೂ ಮಾಡಿಸಿದ್ದೆ. ಅವಳು ಬರೆಯುವಾಗ, "ಅಪ್ಪಾ, ಆರ್ ಯು ಶೂರ್?" ಎಂದು ಕೇಳಿದ್ದಳು. ಕನ್ನಡದಲ್ಲೇ ಹೇಳಿದ್ದೆ: "ಹೂಂ. ಬರಿ."

ಸಭಾಂಗಣದಲ್ಲಿ ನನಗೆಂದು ಇಟ್ಟಿದ್ದ ಗಾಜಿನ ತಟ್ಟೆಯನ್ನು ಆಗಲೇ ಎತ್ತಿ ಚಹಾದ ಮೇಜಿನ ಕೆಳಗೆ ಇಟ್ಟಿದ್ದರು. ನಾನು ಮೊದಲು ಕುರ್ಚಿಗಳನ್ನೆಲ್ಲ ಜೋಡಿಸಿದೆ. ಅದು ನನ್ನ ಕೆಲಸ, ಅದನ್ನು ಬಿಡುವುದಿಲ್ಲ. ಆಮೇಲೆ ತಟ್ಟೆಯನ್ನು ಎತ್ತಿ, ಒರೆಸಿ, ಸಾಲಿನಲ್ಲಿ ಅದರ ಜಾಗದಲ್ಲೇ ಇಟ್ಟೆ. ಅತ್ತೆ ಭರಣಿಯಿಂದ ನಾಣ್ಯ ತೆಗೆದುಕೊಟ್ಟರು. ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಚೀಟಿ ಇಟ್ಟೆ. ಅದರಲ್ಲಿ ಇದ್ದದ್ದು ಹೀಗೆ:

'ಒಂದು ಊರು ಈ ನಾಣ್ಯವನ್ನು ಹೊಡೆದು ಮಾಡಿತು. ಬೆಲೆಗಳು ಬದಲಾದಾಗ ಇದರ ಮೇಲೆ ಮತ್ತೆ ಹೊಡೆದು ಐದು ಎಂದಿತು. ಈಚೆಗೆ ಬ್ರಿಕ್‌ಫೀಲ್ಡ್ಸ್‌ನಲ್ಲಿ ಲಕ್ಷ್ಮಿ ಪೂಜೆಗಾಗಿ ಇದನ್ನು ಹುಣಸೆಹಣ್ಣಿನಲ್ಲಿ ತೊಳೆಯಲಾಯಿತು.'

ಡಾಕ್ಟರು ಬಂದು ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು.

"ಇದನ್ನು ತೆಗೀರಿ ಮಾರಾಯ್ರೆ. ಜನ ನಗ್ತಾರೆ."

"ನಗಲಿ ಡಾಕ್ಟ್ರೆ."

ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು. ಬಚ್ಚಲುಮನೆಯ ಪ್ರತಿಧ್ವನಿ ಇಲ್ಲದೆ ಅದು ಸ್ವಲ್ಪ ಸಣ್ಣದಾಗಿ ಕೇಳಿಸುತ್ತದೆ.

"ನೋಡಿ, ಇದೊಂದು ಗಾಯ ಆದ ನಾಣ್ಯ. ಅದರ ಮೇಲೆ..."

"ಡಾಕ್ಟ್ರೆ, ನಾಣ್ಯ ಅಂದ್ರೇನೆ ಏಟು ತಿಂದ ಲೋಹ. ಇಲ್ಲಿ ಇಟ್ಟಿರೋದೆಲ್ಲ ಅದೇ. ಮೊದಲನೇ ಏಟಿಗೆ ನೀವು ಕಲಾಕೃತಿ ಅಂತೀರಿ, ಎರಡನೇದಕ್ಕೆ ಗಾಯ ಅಂತೀರಿ. ಚಕ್ರವರ್ತಿ ಹೊಡೆಸಿದ್ರೆ ಮುದ್ರೆ, ಸಣ್ಣ ಊರಿನ ಗುಮಾಸ್ತ ಹೊಡೆದ್ರೆ ಗುದ್ದಲಿ ಪೆಟ್ಟು. ಇದ್ಯಾವ ನ್ಯಾಯ? ಅವತ್ತು ಮಾರ್ಕೆಟ್‌ನಲ್ಲಿ ಕೊತ್ತಂಬರಿ ಸೊಪ್ಪು ತಗೊಳ್ಳೋಳಿಗೆ ಬೇಕಾಗಿದ್ದು ಆ ಗುಮಾಸ್ತನ ಐದು. ಚಕ್ರವರ್ತಿಯ ಮೂಗು ಅಲ್ಲ."

ಕೊತ್ತಂಬರಿ ಎಲ್ಲಿಂದ ಬಂತೋ ಗೊತ್ತಿಲ್ಲ. ಸುತ್ತ ಕೂಟದವರು ಬೇರೆಬೇರೆ ನಾಣ್ಯಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಕೆತ್ತಿದ್ದು ಅಂತ ಹೇಳುವವರಿಗೆ ಎಂತ ಹೇಳ್ತೀರಿ?" ಎಂದರು ಡಾಕ್ಟರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕುರ್ಚಿಯಿಂದ ಹೇಳಿದರು: "ಉಜ್ಜಿದ್ದು ನಾನು. ಕೆತ್ತೋಕೆ ನಂಗೆ ಕಣ್ಣೂ ಕಾಣಲ್ಲ. ನೀವು ಕಣ್ಣಿನ ಡಾಕ್ಟ್ರಂತಲ್ಲ, ನೋಡಿ ಹೇಳಿ."

"ನೀವು ಕೂತ್ಕೊಳ್ಳಿ ಅಮ್ಮ," ಎಂದರು ಅವರು. ಅತ್ತೆ ಕೂತೇ ಇದ್ದರು.

ಡಾಕ್ಟರು ಭೂತಗನ್ನಡಿ ತೆಗೆದರು. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಹೋಗಿ ನಿಂತರು. ಓರೆ ಮಾಡಿದರು, ತಿರುಗಿಸಿದರು, ಹಿಂದೆ ಮುಂದೆ ನೋಡಿದರು. ಅವರ ಬೆರಳಿಗೆ ಕುಂಕುಮ ಹತ್ತಿತು. ವರ್ಷಗಟ್ಟಲೆ ಜನರ ಕಣ್ಣಿನೊಳಗೆ ನೋಡಿದ ಮನುಷ್ಯ ಅವರು. ನೋಡುವಾಗ ಮೋಸ ಮಾಡುವುದಿಲ್ಲ, ಅದು ನನಗೆ ಗೊತ್ತಿತ್ತು. ಅದಕ್ಕೇ ಅಲ್ಲವೇ ಅವರ ಮಾತಿಗೆ ಇಷ್ಟು ವರ್ಷ ತಲೆಯಾಡಿಸಿದ್ದು.

"ಕೆತ್ತಿದ್ದಲ್ಲ," ಎಂದರು ಕೊನೆಗೆ. "ಅಕ್ಷರ ಉಬ್ಬಿ ಉಂಟು. ಅಚ್ಚಿನದ್ದೇ."

"ಗುದ್ದಲಿ?"

"ಗುದ್ದಲಿ ಅಲ್ಲ." ನಾಣ್ಯವನ್ನು ತಟ್ಟೆಯಲ್ಲಿಟ್ಟರು. "ಆದ್ರೆ ತೊಳೆದದ್ದು ತೊಳೆದದ್ದೇ. ಕ್ರಮ ಕ್ರಮವೇ." ತಮ್ಮ ಚೀಲದಿಂದ ಒಂದು ಕಾರ್ಡು ತೆಗೆದು, 'ತೊಳೆದ ನಾಣ್ಯ, ಸ್ಪರ್ಧೆಗಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು, ನನ್ನ ಚೀಟಿಯ ಪಕ್ಕದಲ್ಲಿ ಇಟ್ಟರು. ನನ್ನ ಚೀಟಿಯನ್ನು ತೆಗೆಯಲಿಲ್ಲ. ಅವರ ಕಾರ್ಡನ್ನು ನಾನೂ ತೆಗೆಯಲಿಲ್ಲ. ಬರೆದದ್ದು ನಿಜವಲ್ಲವೇ, ಇರಲಿ.

ಶಾಲೆಯ ಮಕ್ಕಳು ಬಂದರು. ಬೇರೆ ಎಲ್ಲ ನಾಣ್ಯಗಳೂ ಕಪ್ಪಗೆ ಗಂಭೀರವಾಗಿ ಕೂತಿದ್ದರಿಂದ ಅವರೆಲ್ಲ ಹೊಳೆಯುವ ಒಂದರ ಮುಂದೆ ಗುಂಪು ಕಟ್ಟಿದರು. ಅತ್ತೆಗೆ ಇಂಗ್ಲಿಷು ಬರದು, ಮಲಯ್ ಬರದು. ಕೈ ಎತ್ತಿ ಐದು ಬೆರಳು ತೋರಿಸುತ್ತಿದ್ದರು, ಆಮೇಲೆ ಬ್ರಷ್ಷಿನಲ್ಲಿ ಉಜ್ಜುವ ಹಾಗೆ ಅಭಿನಯಿಸುತ್ತಿದ್ದರು. ಮಕ್ಕಳು ನಕ್ಕರು. ಡಾಕ್ಟರು ಹೇಳಿದ್ದು ಅಷ್ಟರಮಟ್ಟಿಗೆ ಸರಿಯಾಯಿತು.

ಅತ್ತೆ ಮೈಸೂರಿಗೆ ಮರಳಿ ಬಹಳ ದಿನಗಳಾದವು. ನಾಣ್ಯ ಈಗ ನಮ್ಮ ದೇವರ ಮಂಟಪದಲ್ಲಿ, ಕುಂಕುಮದ ಭರಣಿಯ ಪಕ್ಕದಲ್ಲಿದೆ. ಈ ಊರಿನ ತೇವದ ಗಾಳಿಗೆ ಅದರ ಗುಲಾಬಿ ಬಣ್ಣ ಇಳಿದು, ಅಂಚಿನಿಂದ ಕಂದು ಏರತೊಡಗಿದೆ. ಯಾರ ಔಷಧವೂ ಇಲ್ಲದೆ, ತನ್ನಷ್ಟಕ್ಕೆ. ಮಾಮಕ್ ಅಂಗಡಿಯಲ್ಲಿ ಈಗಲೂ ಚಹಾ ಹೇಳುವವನು ನಾನೇ. ಡಾಕ್ಟರು ಏನಾದರೂ ತೀರ್ಪು ಕೊಟ್ಟರೆ ಮೊದಲು ಚಹಾ ಹೇಳಿ, ಆಮೇಲೆ ಅಲ್ಲೇ ಉತ್ತರ ಹೇಳುತ್ತೇನೆ. ನಮ್ಮ ನೀರಿನ ಬಿಲ್ ಕಡಿಮೆಯಾಗಿದೆ ಎಂದು ಹೆಂಡತಿ ಎಲ್ಲರೆದುರು ಹೇಳುತ್ತಾಳೆ.

ಮೊನ್ನೆ ವಿಡಿಯೋ ಕರೆಯಲ್ಲಿ ಅತ್ತೆ ಮಂಟಪವನ್ನು ತೋರಿಸಲು ಹೇಳಿದರು. ಫೋನನ್ನು ಹತ್ತಿರ ಹಿಡಿದೆ.

"ಮತ್ತೆ ಕಪ್ಪಾಗ್ತಿದೆಯಲ್ಲ ಅಳಿಯಂದ್ರೆ. ಹಬ್ಬಕ್ಕೆ ಬಂದಾಗ ಒಂದು ಸಲ ಹುಣಸೆಹಣ್ಣು ಹಾಕಿಬಿಡ್ತೀನಿ."

"ಇಲ್ಲ ಅತ್ತೆ," ಎಂದೆ. "ಕಳಶಕ್ಕೆ ಹಾಕಿ. ಉಜ್ಜೋ ಹಾಗಿಲ್ಲ."

"ಆಗ್ಲಿ ಬಿಡಿ, ಚೊಂಬು ಉಜ್ತೀನಿ," ಎಂದು, ತಮ್ಮ ಮಗಳನ್ನು ಕರೆಯಲು ಹೇಳಿದರು. ಫೋನ್ ಕೊಟ್ಟು ಈಚೆ ಬಂದೆ. ಅವರಿಗೆ ಬೇಜಾರಾಯಿತೇನೋ ಎಂದು ಅವತ್ತಿಡೀ ಚಿಂತಿಸಿದೆ. ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.